ಹೆಗಲು ಕೊಟ್ಟ ಮೂವರು

ಕೆಸರಲ್ಲಿ ಹೂತ ಬಂಡಿಗೆ ಹೆಗಲು ಕೊಟ್ಟವರಿಗೆ ಒಂದು ವಿಷಯ ಗೊತ್ತಿರುತ್ತದೆ. ನೆಟ್ಟಗೆ ನಿಂತು ತಳ್ಳಿದರೆ ಬಂಡಿ ಅಲುಗುವುದಿಲ್ಲ. ಸೊಂಟ ತಗ್ಗಿಸಿ, ಬೆನ್ನು ನೇರ ಮಾಡಿ, ಪಾದ ಊರಿ, ಎಲ್ಲರೂ ಒಟ್ಟಿಗೇ ನೂಕಬೇಕು. ರಗ್ಬಿಯ ಸ್ಕ್ರಮ್ ಹೆಚ್ಚುಕಡಿಮೆ ಇದೇ. ಒಂದೇ ವ್ಯತ್ಯಾಸ: ಇಲ್ಲಿ ಎದುರಿನ ಬಂಡಿಯೂ ನಮ್ಮನ್ನು ನೂಕುತ್ತದೆ.

ಎರಡೂ ತಂಡಗಳ ಎಂಟೆಂಟು ಜನ ಬಾಗಿ, ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದು ಎದುರುಬದುರಾಗುತ್ತಾರೆ. ಮುಂದಿನ ಸಾಲಿನಲ್ಲಿ ಮೂವರು. ನಡುವಿನವನು ಹುಕರ್, ಎರಡೂ ತೋಳುಗಳನ್ನು ಅಕ್ಕಪಕ್ಕದವರ ಮೇಲೆ ಹಾಕಿ, ಕಾಲಿನಿಂದ ಚೆಂಡನ್ನು ಹಿಂದಕ್ಕೆಳೆಯುವುದು ಅವನ ಕೆಲಸ. ಅವನ ಎಡಕ್ಕೆ ಲೂಸ್‌ಹೆಡ್ ಪ್ರಾಪ್. ಇವನ ತಲೆಯ ಒಂದು ಬದಿ ಖಾಲಿ. ಬಲಕ್ಕೆ ಟೈಟ್‌ಹೆಡ್ ಪ್ರಾಪ್. ಇವನ ತಲೆ ಎದುರಾಳಿಗಳಿಬ್ಬರ ನಡುವೆ ಸಿಕ್ಕಿರುತ್ತದೆ, ಎರಡೂ ಹೆಗಲ ಮೇಲೆ ಒತ್ತಡ. ಹಿಂದಿನ ಐವರ ಬಲವೆಲ್ಲ ಈ ಮೂವರ ಬೆನ್ನಿನ ಮೂಲಕವೇ ಮುಂದಕ್ಕೆ ಹೋಗಬೇಕು. ದಪ್ಪ ಕತ್ತು, ಅಗಲ ಬೆನ್ನು, ಗಟ್ಟಿ ತೊಡೆ ಬೇಕಾಗುವುದು ಇದಕ್ಕೇ.

ಇಂಥ ಮೂವರನ್ನು ವೇಲ್ಸ್‌ಗೆ ಕೊಟ್ಟದ್ದು ಪಾಂಟಿಪೂಲ್ ಎಂಬ ಪುಟ್ಟ ಪಟ್ಟಣದ ಕ್ಲಬ್ಬು. ಕಲ್ಲಿದ್ದಲು, ಕಬ್ಬಿಣ, ಉಕ್ಕನ್ನು ನಂಬಿ ಬದುಕಿದ ಸೀಮೆ ಅದು. ಲೂಸ್‌ಹೆಡ್ ಚಾರ್ಲಿ ಫಾಕ್ನರ್ ಮತ್ತು ಹುಕರ್ ಬಾಬಿ ವಿಂಡ್ಸರ್ ಉಕ್ಕಿನ ಕಾರ್ಖಾನೆಯ ಕಾರ್ಮಿಕರು. ಟೈಟ್‌ಹೆಡ್ ಗ್ರಹಾಮ್ ಪ್ರೈಸ್ ಇವರಿಬ್ಬರಿಗಿಂತ ಕಿರಿಯ. ತರಬೇತುದಾರ ರೇ ಪ್ರಾಸರ್ ಬುಲ್ಡೋಜರ್ ಓಡಿಸಿ ಹೊಟ್ಟೆ ಹೊರೆದವರು. ಪಾಂಟಿಪೂಲ್ ಪಾರ್ಕಿನ ಗುಡ್ಡದ ತುದಿಯಲ್ಲಿ ಗ್ರಾಟೋ ಎಂಬ ಹಳೆಯ ಕಟ್ಟಡವಿದೆ. ಆಟಗಾರರನ್ನು ಅಲ್ಲಿಯವರೆಗೆ ಓಡಿಸುವುದೇ ಅವರ ವ್ಯಾಯಾಮಶಾಲೆ.

1975ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಮೂವರೂ ಮೊದಲ ಬಾರಿ ಒಟ್ಟಿಗೆ ವೇಲ್ಸ್ ಪರ ಆಡಿದರು. ಪ್ರೈಸ್‌ಗೆ 23 ವರ್ಷ, ಫಾಕ್ನರ್‌ಗೆ 33. ಇಬ್ಬರಿಗೂ ಅದು ದೇಶದ ಪರ ಮೊದಲ ಪಂದ್ಯ. ವೇಲ್ಸ್ ಫ್ರಾನ್ಸನ್ನು 25-10ರಿಂದ ಸೋಲಿಸಿತು. ಇಡೀ ಪಂದ್ಯ ಸ್ಕ್ರಮ್‌ನಲ್ಲಿ ಹೆಣಗಾಡಿದ್ದ ಪ್ರೈಸ್, ಕೊನೆಯ ಹೊತ್ತಿನಲ್ಲಿ ಸಡಿಲವಾಗಿ ಸಿಕ್ಕ ಚೆಂಡಿನ ಹಿಂದೆ ಸುಮಾರು 70 ಗಜ ಓಡಿ ಟ್ರೈ ಗಳಿಸಿದರು. ಪ್ರಾಪ್ ಎಂದರೆ ಬರೀ ಭಾರದ ಮೂಟೆ ಎಂದುಕೊಂಡವರಿಗೆ ಅದೇ ಉತ್ತರ. ಮುಂದೆ ಈ ಮೂವರೂ ಜತೆಯಾಗಿ ಆಡಿದ 19 ಪಂದ್ಯಗಳಲ್ಲಿ ವೇಲ್ಸ್ ಸೋತದ್ದು ನಾಲ್ಕೇ.

ಇಂದಿನ ಲೆಕ್ಕದಲ್ಲಿ ಇವರು ದೈತ್ಯರಲ್ಲ. ಈಗ ಅಂತರರಾಷ್ಟ್ರೀಯ ಪ್ರಾಪ್ 115-120 ಕಿಲೋ ತೂಗುವುದು ಸಾಮಾನ್ಯ. 1995ರಲ್ಲಿ ರಗ್ಬಿ ಅಧಿಕೃತವಾಗಿ ವೃತ್ತಿಪರವಾಯಿತು. ಕುಲುಮೆಯ ಮುಂದೆ, ಗಣಿಯ ಒಳಗೆ ಕೂಲಿ ದುಡಿಯುತ್ತ ಬೆಳೆದ ಮೈಯ ಜಾಗಕ್ಕೆ ಜಿಮ್ಮಿನಲ್ಲಿ ಅಳೆದು ತೂಗಿ ಕಟ್ಟಿದ ಮೈ ಬಂತು. ಅತ್ತ ಕುಲುಮೆಗಳೂ ಆರಿದವು. ಅದೇ ಸೀಮೆಯ ಎಬ್ಬು ವೇಲ್‌ನ ಉಕ್ಕಿನ ಕಾರ್ಖಾನೆ 2002ರಲ್ಲಿ ಬಾಗಿಲು ಹಾಕಿತು. ಮರುವರ್ಷ ವೇಲ್ಸ್ ಪ್ರಾದೇಶಿಕ ತಂಡಗಳನ್ನು ಕಟ್ಟಿತು. ಪಾಂಟಿಪೂಲ್‌ನಂಥ ಕ್ಲಬ್ಬುಗಳು ಕೆಳಗಿನ ಹಂತದಲ್ಲೇ ಉಳಿದವು.

ಮೈ ಬೆಳೆದಷ್ಟೂ ಅಪಾಯ ಬೆಳೆಯಿತು. ಎರಡು ಸಾಲುಗಳೂ ದೂರ ನಿಂತು ಟಗರುಗಳಂತೆ ಡಿಕ್ಕಿ ಹೊಡೆಯುವ ರೂಢಿ ಬಲವಾಗಿತ್ತು. ಸ್ಕ್ರಮ್ ಕುಸಿದರೆ ಮುಂದಿನವರ ತಲೆ ನೆಲಕ್ಕೆ, ಹಿಂದಿನವರ ಭಾರ ಕತ್ತಿಗೆ. ಹೀಗೆ ಕತ್ತು ಮುರಿದು, ಕುತ್ತಿಗೆಯಿಂದ ಕೆಳಗೆ ಮೈ ಸ್ವಾಧೀನ ಕಳೆದುಕೊಂಡ ಎಳೆಯರಿದ್ದಾರೆ. ಬಾತ್ ವಿಶ್ವವಿದ್ಯಾಲಯದ ಸಂಶೋಧಕರು ಈ ಡಿಕ್ಕಿಯ ಬಲವನ್ನೇ ಅಳೆದರು. 2013ರಲ್ಲಿ ನಿಯಮ ಬದಲಾಯಿತು: ಮೊದಲು ಬಾಗಬೇಕು, ಆಮೇಲೆ ಪ್ರಾಪ್‌ಗಳು ಎದುರಾಳಿಯ ಅಂಗಿ ಹಿಡಿಯಬೇಕು, ಕೊನೆಗೆ ಕೂಡಬೇಕು. ಇದರಿಂದ ಡಿಕ್ಕಿಯ ಬಲ ಸುಮಾರು ಕಾಲುಭಾಗ ತಗ್ಗುತ್ತದೆಂದು ಅದೇ ಅಧ್ಯಯನ ತೋರಿಸಿತ್ತು.

ದೂರದಿಂದ ನುಗ್ಗುವವನಿಗೆ ತೂಕವೇ ಬಂಡವಾಳ. ಹಿಡಿದುಕೊಂಡು ನೂಕುವವನಿಗೆ ಬೇಕಾದದ್ದು ಬೇರೆ: ಪಾದ ಎಲ್ಲಿ ಊರಬೇಕು, ಬೆನ್ನು ಎಷ್ಟು ಬಾಗಬೇಕು, ಪಕ್ಕದವನು ಯಾವಾಗ ನೂಕುತ್ತಾನೆ ಎಂಬ ಅರಿವು. ಪಾಂಟಿಪೂಲ್‌ನ ಮೂವರು ಒಬ್ಬೊಬ್ಬರಾಗಿಯೂ ಗಟ್ಟಿಗರೇ. ಆದರೆ ಕ್ಲಬ್ಬಿಗೂ ದೇಶಕ್ಕೂ ಅದೇ ಮೂವರು, ಅದೇ ಜಾಗದಲ್ಲಿ, ಅದೇ ತೋಳು ಅದೇ ಹೆಗಲ ಮೇಲೆ. ಆ ಹಿಡಿತವನ್ನು ಯಾವ ತಕ್ಕಡಿಯೂ ತೂಗಲಾರದು.