ಪರೇಲಿನಿಂದ ಪಾಯಧುನಿಗೆ



ಈ ಸಲ ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ಪರೇಲಿನಲ್ಲಿ ಸ್ಲೋ ಲೋಕಲ್ ಹತ್ತಿ ಕರಿರೋಡ್, ಚಿಂಚ್‌ಪೋಕ್ಲಿ, ಭಾಯ್ಖಳಾ, ಸ್ಯಾಂಡ್‌ಹರ್ಸ್ಟ್ ರೋಡ್ ದಾಟಿದರೆ ಬರುವ ನಿಲ್ದಾಣ ಮಸ್ಜಿದ್. ದಿನಾ ಓಡಾಡುವವರು ನೀವು, ಹೇಳಿ ನೋಡೋಣ, ಆ ಹೆಸರು ಯಾವ ಮಸೀದಿಯಿಂದ ಬಂತು? ಜುಮ್ಮಾ ಮಸೀದಿ ಎಂದಿರಾ? ಮಿನಾರಾ ಮಸೀದಿ ಎಂದಿರಾ? ಎರಡೂ ಅಲ್ಲ. ಅದು ಯಹೂದಿಗಳ ಪ್ರಾರ್ಥನಾ ಮಂದಿರ!

ಅದರ ಹಿಂದೆ ನಮ್ಮ ಶ್ರೀರಂಗಪಟ್ಟಣದ ಕಥೆಯೂ ಇದೆ. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳು ಎಣ್ಣೆ ಗಾಣದ ಕಸುಬಿನವರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಜನ ಅವರನ್ನು ‘ಶನಿವಾರ ತೇಲಿ’ ಎಂದೇ ಕರೆಯುತ್ತಿದ್ದರು. ಆ ಸಮುದಾಯದ ಸಾಮಾಜಿ ಹಸಾಜಿ ದಿವೇಕರ್, ಅಂದರೆ ಸ್ಯಾಮುಯೆಲ್ ದಿವೇಕರ್, ಕಂಪನಿ ಸರಕಾರದ ಸೈನ್ಯದಲ್ಲಿದ್ದು ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನಿಗೆ ಸೆರೆ ಸಿಕ್ಕರು. ಇವರು ಇಸ್ರಾಯೇಲ್ ವಂಶದವರೆಂದು ಕೇಳಿದ ಟಿಪ್ಪುವಿನ ತಾಯಿ, ಆ ಜನರ ಹೆಸರು ಕುರಾನಿನಲ್ಲಿದೆ, ಕೊಲ್ಲಬೇಡ ಎಂದು ಮಗನಿಗೆ ಹೇಳಿದಳಂತೆ. ಇದು ಆ ಸಮುದಾಯದವರು ಇಂದಿಗೂ ಹೇಳುವ ಕಥೆ. ಜೀವ ಉಳಿದರೆ ದೇವರಿಗೊಂದು ಮನೆ ಕಟ್ಟಿಸುವೆನೆಂದು ಹರಕೆ ಹೊತ್ತಿದ್ದ ದಿವೇಕರ್ 1796ರಲ್ಲಿ ಮಾಂಡ್ವಿಯಲ್ಲಿ ಅದನ್ನು ತೀರಿಸಿದರು. ನೆರೆಹೊರೆಯವರು ಅದನ್ನೂ ಮಸೀದಿ ಎಂದೇ ಕರೆದರು. ರೈಲು ಬಂದಾಗ ಆ ಹೆಸರೇ ನಿಲ್ದಾಣಕ್ಕೂ ಅಂಟಿತು. ಪಕ್ಕದ ರಸ್ತೆ ಇವತ್ತಿಗೂ ಸ್ಯಾಮುಯೆಲ್ ಸ್ಟ್ರೀಟ್.

ಮುಂಬಯಿಯ ಹಳೆಯ ಮುಸಲ್ಮಾನ ಬಡಾವಣೆ ಇಲ್ಲಿಂದಲೇ ಶುರುವಾಗುತ್ತದೆ. ಮಾಂಡ್ವಿ, ಡೋಂಗ್ರಿ, ಪಾಯಧುನಿ, ಭೇಂಡಿ ಬಜಾರ್. ಪಾಯಧುನಿ ಎಂದರೆ ಕಾಲು ತೊಳೆಯುವ ಜಾಗ. ಮುಂಬಯಿ ಏಳು ದ್ವೀಪಗಳಾಗಿದ್ದಾಗ ಭರತದ ನೀರು ಇಲ್ಲಿಯತನಕ ನುಗ್ಗುತ್ತಿತ್ತು. ಕೆಸರು ದಾಟಿ ಬಂದವರು ಇಲ್ಲಿ ಕಾಲು ತೊಳೆದು ಊರೊಳಗೆ ಹೋಗುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಗೆ ಹಾರ್ನ್‌ಬಿ ಒಡ್ಡು ಕಟ್ಟಿದ ಮೇಲೆ ನೀರು ನಿಂತಿತು, ಹೆಸರು ನಿಂತಲ್ಲೇ ನಿಂತಿತು. ಭೇಂಡಿ ಬಜಾರಿನ ಹೆಸರಿಗೆ ಎರಡು ವ್ಯಾಖ್ಯಾನಗಳಿವೆ. ಕ್ರಾಫರ್ಡ್ ಮಾರ್ಕೆಟ್ಟಿನ ಹಿಂದಿರುವುದರಿಂದ ಇಂಗ್ಲಿಷರು ‘ಬಿಹೈಂಡ್ ದ ಬಜಾರ್’ ಎನ್ನುತ್ತಿದ್ದರು, ಅದೇ ಭೇಂಡಿ ಬಜಾರ್ ಆಯಿತು ಎನ್ನುವುದು ಒಂದು. ಅಲ್ಲಿ ಸಾಲಾಗಿದ್ದ ಭೇಂಡಿ ಮರಗಳಿಂದ, ನಾವು ಹೂವರಸಿ ಎನ್ನುವ ಮರದಿಂದ, ಬಂತು ಎನ್ನುವುದು ಇನ್ನೊಂದು. ನನ್ನ ಮತ ಮರಕ್ಕೆ. ಇಂಗ್ಲಿಷ್ ಕಥೆ ಕೇಳಲು ಸೊಗಸು, ಅಷ್ಟೇ.

ಮೊದಲು ಜುಮ್ಮಾ ಮಸೀದಿ ನೋಡಿ. 1802ರಲ್ಲಿ ಪೂರ್ತಿಯಾದದ್ದು. ಇದರ ವಿಶೇಷ ಇರುವುದು ತಳದಲ್ಲಿ. ಜಾಗ ಕೊಂಕಣಿ ಮುಸಲ್ಮಾನ ವ್ಯಾಪಾರಿಯೊಬ್ಬರ ತೋಟವಾಗಿತ್ತು, ಅದರಲ್ಲೊಂದು ಕೊಳ. ಕೊಳಕ್ಕೆ ಧಕ್ಕೆ ಬರಬಾರದೆಂಬ ಷರತ್ತಿನ ಮೇಲೆ ಜಾಗ ಕೊಟ್ಟರು. ಹಾಗಾಗಿ ನೀರೊಳಗಿಂದಲೇ ಎದ್ದ ಕಪ್ಪು ಕಲ್ಲಿನ ಕಮಾನುಗಳು ಮಸೀದಿಯನ್ನು ಹೊತ್ತಿವೆ. ಬುಗ್ಗೆಯ ನೀರು, ಅದರಲ್ಲಿ ಮೀನುಗಳು, ಮೆಟ್ಟಿಲ ಮೇಲೆ ಕೂತು ವಜೂ ಮಾಡುವ ಜನ. ಹೊರಗೆ ಕೈಗಾಡಿಗಳ ಗದ್ದಲ. ಆ ವ್ಯಾಪಾರಿಯದು ಗೋವಾ ಮತ್ತು ಕಲ್ಲಿಕೋಟೆಯ ಜೊತೆ ವಹಿವಾಟು. ಆ ಕಡಲ ಹಾದಿಯಲ್ಲೇ ಅಲ್ಲವೇ ನಮ್ಮ ಕಾರವಾರ, ಭಟ್ಕಳ, ಮಂಗಳೂರು ಇರುವುದು! ಭಟ್ಕಳದ ನವಾಯತರು ಇಂದಿಗೂ ಮುಂಬಯಿಯ ವ್ಯಾಪಾರದಲ್ಲಿದ್ದಾರೆ. ಮಾಹಿಮ್ ದರ್ಗಾದ ಸಂತ ಮಖ್ದೂಮ್ ಅಲಿ ಮಾಹಿಮಿ (1372–1431) ಕೂಡ ನವಾಯತ ಮನೆತನದವರೇ. ಡಿಸೆಂಬರಿನ ಉರುಸಿನಲ್ಲಿ ಅವರಿಗೆ ಮೊದಲ ಗಂಧ ಹೊತ್ತು ತರುವವರು ಮುಂಬಯಿ ಪೊಲೀಸರು.

ಇಮಾಮ್‌ವಾಡಾ ರಸ್ತೆಯ ಮೊಗಲ್ ಮಸೀದಿ ಬೇರೆಯೇ ಲೋಕ. ಮೊಘಲ್ ಬಾದಶಹರಿಗೂ ಇದಕ್ಕೂ ಸಂಬಂಧವಿಲ್ಲ. ಇರಾನಿನಿಂದ ಬಂದವರನ್ನು ಈ ಊರು ಮೊಗಲರೆಂದು ಕರೆಯುತ್ತಿತ್ತು. 1860ರಲ್ಲಿ ಶಿರಾಜಿನ ವ್ಯಾಪಾರಿ ಹಾಜಿ ಮೊಹಮ್ಮದ್ ಹುಸೇನ್ ಶಿರಾಜಿ ಕಟ್ಟಿಸಿದ್ದು. ವಿಜಾಪುರದ ಗೋಲಗುಮ್ಮಟ ನೋಡಿ ಬೆಳೆದ ಕಣ್ಣಿಗೆ ಇಲ್ಲಿ ಏನೋ ಕೊರತೆ ಅನ್ನಿಸುತ್ತದೆ. ಹೌದು, ಗುಮ್ಮಟವೇ ಇಲ್ಲ! ಎರಡು ಮಿನಾರು, ನೀಲಿ ಹೆಂಚುಗಳ ಮುಖ, ನಡುವೆ ಹೌದು, ಸುತ್ತ ಗಿಡಮರ. ಡೋಂಗ್ರಿ ಎಂದರೆ ಬರೀ ಗ್ಯಾಂಗ್‌ಸ್ಟರ್ ಸಿನಿಮಾ ಎಂದುಕೊಂಡವರು ಒಮ್ಮೆ ಇಲ್ಲಿ ಹತ್ತು ನಿಮಿಷ ಕೂರಬೇಕು.

ಈಗ ಪರೇಲಿನ ಮಾತಿಗೆ ಬರುತ್ತೇನೆ. 1896ರ ಸೆಪ್ಟೆಂಬರಿನಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಇದೇ ಮಾಂಡ್ವಿಯಲ್ಲಿ ಪ್ಲೇಗ್ ಗುರುತಿಸಿದರು. ಧಾನ್ಯದ ಉಗ್ರಾಣಗಳ ಕೇರಿ, ಇಲಿಗಳಿಗೆ ಬರವೇ? ಕೆಲವೇ ತಿಂಗಳಲ್ಲಿ ಲಕ್ಷಗಟ್ಟಲೆ ಜನ ಊರು ಬಿಟ್ಟರು. ಸರಕಾರದ ಸಿಪಾಯಿಗಳು ಮನೆಮನೆ ನುಗ್ಗಿ ರೋಗಿಗಳನ್ನು ಎಳೆದೊಯ್ದರು. 1898ರ ಮಾರ್ಚಿನಲ್ಲಿ ಮದನಪುರದ ಜುಲಾಹಾ ನೇಕಾರರ ಮನೆಯ ಹುಡುಗಿಯೊಬ್ಬಳನ್ನು ಪರೀಕ್ಷಿಸಲು ಹೋದಾಗ ದೊಡ್ಡ ಗಲಭೆಯೇ ಆಯಿತು. ಈ ನಡುವೆ ವಾಲ್ಡೆಮಾರ್ ಹಾಫ್ಕಿನ್ ಲಸಿಕೆ ಕಂಡುಹಿಡಿದು, 1897ರ ಜನವರಿಯಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. ಅವರ ಪ್ರಯೋಗಾಲಯ 1899ರಲ್ಲಿ ಬಂದು ನೆಲೆಸಿದ್ದು ನಮ್ಮ ಪರೇಲಿನ ಹಳೆಯ ಗವರ್ನರ್ ಬಂಗಲೆಯಲ್ಲಿ. ಅದೇ ಇಂದಿನ ಹಾಫ್ಕಿನ್ ಸಂಸ್ಥೆ.

ಪ್ಲೇಗು ಊರಿನ ನಕ್ಷೆಯನ್ನೇ ಬದಲಿಸಿತು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಗಾಳಿ ಬೆಳಕು ಬರಲೆಂದು ಒತ್ತೊತ್ತಾದ ಕೇರಿಗಳನ್ನು ಸೀಳಿ ಅಗಲ ರಸ್ತೆ ತೆಗೆದರು. ಮಿನಾರಾ ಮಸೀದಿಯ ಮುಂದಿನ ಮೊಹಮ್ಮದ್ ಅಲಿ ರಸ್ತೆ ಆಗ ಗವರ್ನರನ ಹೆಸರಿನ ಸಿಡನ್‌ಹ್ಯಾಮ್ ರಸ್ತೆ. ಮನೆ ಕಳೆದುಕೊಂಡವರೆಲ್ಲ ಎಲ್ಲಿ ಹೋಗಬೇಕು? ಟ್ರಸ್ಟು ಚಾಳುಗಳನ್ನು ಕಟ್ಟಿತು, ಆದರೆ ಕೆಡವಿದ ವೇಗದಲ್ಲಿ ಅಲ್ಲ. ಪರೇಲಿನ ಬಿಐಟಿ ಚಾಳು ಅಂಥದ್ದೇ. ಡಾ. ಅಂಬೇಡ್ಕರ್ ವರ್ಷಗಟ್ಟಲೆ ಅಲ್ಲಿ ಎರಡು ಖೋಲಿಗಳಲ್ಲಿ ಸಂಸಾರ ಹೂಡಿದ್ದರು.

ಉಳಿದ ಹಳೆಯ ಕಟ್ಟಡಗಳ ಗತಿ? 1947ರ ಬಾಡಿಗೆ ಕಾಯ್ದೆ ಬಾಡಿಗೆಯನ್ನು ಹಿಡಿದಿಟ್ಟಿತು. ಪುಡಿಗಾಸಿನ ಬಾಡಿಗೆಗೆ ಮಾಲೀಕ ರಿಪೇರಿ ಮಾಡಿಸಲಿಲ್ಲ, ಪಗಡಿ ಕೊಟ್ಟು ಬಂದವರು ಬಿಡಲಿಲ್ಲ. ಮರದ ತೊಲೆಗಳು ಹುಳ ಹಿಡಿದವು. 2017ರ ಆಗಸ್ಟ್ 31ರ ಬೆಳಿಗ್ಗೆ ಪಾಕಮೋಡಿಯಾ ಸ್ಟ್ರೀಟಿನ ಹುಸೇನಿ ಬಿಲ್ಡಿಂಗ್ ಕುಸಿದು 33 ಜನ ತೀರಿಕೊಂಡರು. ಅದು ಕೆಡವಿ ಕಟ್ಟಬೇಕೆಂದು ಪಟ್ಟಿಯಲ್ಲಿದ್ದ ಕಟ್ಟಡವೇ. ದಾವೂದಿ ಬೋಹ್ರಾ ಸಮುದಾಯದ ಸೈಫಿ ಬುರ್ಹಾನಿ ಟ್ರಸ್ಟ್ 2009ರಿಂದ ಇಲ್ಲಿ ಹದಿನಾರೂವರೆ ಎಕರೆ, ಸುಮಾರು 250 ಕಟ್ಟಡ, 3,200 ಕುಟುಂಬಗಳ ಪುನರ್ನಿರ್ಮಾಣಕ್ಕೆ ಕೈಹಾಕಿದೆ. ಮೊದಲ ಗೋಪುರಗಳು ಎದ್ದು ಜನ ವಾಸಕ್ಕೂ ಬಂದಿದ್ದಾರೆ. ಹಳೆಯ ಕೆತ್ತನೆಯ ಬಾಲ್ಕನಿಗಳು ಹೋದುವಲ್ಲ ಎಂದು ಮರುಗುವವರಿದ್ದಾರೆ. ನನಗೂ ಹೊಟ್ಟೆ ಚುರ್ರೆನ್ನುತ್ತದೆ. ಆದರೆ ನಾವು ಫೋಟೋ ತೆಗೆದು ಮನೆಗೆ ಬರುವವರು, ಆ ತೊಲೆಯ ಕೆಳಗೆ ಮಕ್ಕಳನ್ನು ಮಲಗಿಸುವವರು ಬೇರೆಯವರು. ನನ್ನ ಚಿಂತೆ ಬೇರೆ: ಗಲ್ಲಿಯ ಬಾಯಲ್ಲಿ ಕೂತ ತವರದವನು, ಅತ್ತರಿನವನು, ಪುಸ್ತಕ ಕಟ್ಟುವವನು ನಲವತ್ತು ಅಂತಸ್ತಿನ ಕೆಳಗೆ ಗಿರಾಕಿಗಳನ್ನು ಉಳಿಸಿಕೊಂಡಾರೇ?

ರೇಡಿಯೋದವಳಾಗಿ ಒಂದು ಮಾತು ಹೇಳದೆ ಬಿಡಲಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಛಜ್ಜೂ ಖಾನ್, ನಜೀರ್ ಖಾನ್, ಖಾದಿಮ್ ಹುಸೇನ್ ಖಾನ್ ಎಂಬ ಸೋದರರು ಉತ್ತರದಿಂದ ಬಂದು ಇಲ್ಲಿ ನೆಲೆಸಿದ್ದರಿಂದ ಭೇಂಡಿ ಬಜಾರ್ ಘರಾನಾ ಹುಟ್ಟಿತು. ಛಜ್ಜೂ ಖಾನರ ಮಗ ಅಮಾನ್ ಅಲಿ ಖಾನ್ ಕರ್ನಾಟಕ ಸಂಗೀತಕ್ಕೆ ಮನಸೋತು ಹಂಸಧ್ವನಿಯನ್ನು ಹಿಂದುಸ್ತಾನಿಗೆ ತಂದವರಲ್ಲಿ ಮುಖ್ಯರು. ಲತಾ ಮಂಗೇಶ್ಕರ್ ಅವರಲ್ಲಿ ಕಲಿತಿದ್ದರು. ಬಜಾರಿನ ಹೆಸರಿನ ಘರಾನಾ ಬೇರೆಲ್ಲಿದೆ ಹೇಳಿ!

ಹೋಗುವುದಾದರೆ ಶುಕ್ರವಾರದ ಮಧ್ಯಾಹ್ನ ಬೇಡ, ನಮಾಜಿನ ಹೊತ್ತು. ತಲೆಗೊಂದು ವಸ್ತ್ರವಿರಲಿ. ಒಳಗೆ ಬಿಡುತ್ತಾರೋ ಇಲ್ಲವೋ, ಬಾಗಿಲಲ್ಲೇ ಕೇಳಿಕೊಳ್ಳಿ, ಮಹಿಳೆಯರಂತೂ ಮೊದಲೇ. ಬೋಹ್ರಿ ಮೊಹಲ್ಲಾದ ಅಮೃತಶಿಲೆಯ ರೌದತ್ ತಾಹೆರಾ ಬಿಡಬೇಡಿ, ಒಳಗೋಡೆಗಳ ಮೇಲೆ ಇಡೀ ಕುರಾನನ್ನೇ ಬಂಗಾರದಲ್ಲಿ ಬರೆಸಿದ್ದಾರೆ. ಹೊರಬಂದು ಹತ್ತು ಹೆಜ್ಜೆ ನಡೆದರೆ ಕೈಯಿಂದ ತಿರುವಿದ ಸಂಚಾ ಐಸ್‌ಕ್ರೀಮ್ ಸಿಗುತ್ತದೆ. ಸೀತಾಫಲದ ಕಾಲವಾದರೆ ಅದನ್ನೇ ಕೇಳಿ.