ತೋಳುಪಟ್ಟಿಯ ಸಾಕ್ಷ್ಯ

ಯುದ್ಧದ ವಸ್ತುಸಂಗ್ರಹಾಲಯ ಎಂದೊಡನೆ ನಮ್ಮ ಮನಸ್ಸು ಫಿರಂಗಿಯ ಕಡೆಗೋ ಟ್ಯಾಂಕಿನ ಕಡೆಗೋ ಹರಿಯುತ್ತದೆ. ನಾನು ಹೇಳಹೊರಟಿರುವುದು ಅವೆಲ್ಲಕ್ಕಿಂತ ಅಗ್ಗವಾದ ವಸ್ತುವೊಂದರ ಮಾತು. ಪೋಲೆಂಡಿನ ವಾರ್ಸಾ ನಗರದ ವೋಲಾ ಬಡಾವಣೆಯಲ್ಲಿ, ಟ್ರಾಮುಗಳಿಗೆ ವಿದ್ಯುತ್ತನ್ನು ಒದಗಿಸುತ್ತಿದ್ದ ಹಳೆಯ ಕಟ್ಟಡದೊಳಗೆ, 2004ರಲ್ಲಿ ವಾರ್ಸಾ ದಂಗೆಯ ಸಂಗ್ರಹಾಲಯವು ತೆರೆಯಿತು. ಬಿಳಿ ಕೆಂಪು ಬಣ್ಣದ ತೋಳುಪಟ್ಟಿಗಳನ್ನು ಅಲ್ಲಿ ಜೋಪಾನವಾಗಿ ಇರಿಸಿದ್ದಾರೆ.

1944ರ ಆಗಸ್ಟ್ 1ರ ಸಂಜೆ ಪೋಲಿಷರ ಭೂಗತ ಸೈನ್ಯವಾದ ಆರ್ಮಿಯಾ ಕ್ರಾಯೋವಾ, ಎಂದರೆ ನಾಡಸೇನೆ, ಜರ್ಮನರ ವಿರುದ್ಧ ಬಹಿರಂಗವಾಗಿ ಎದ್ದಿತು. ಐದು ವರ್ಷ ಮರೆಯಲ್ಲಿದ್ದ ಸೈನ್ಯಕ್ಕೆ ಸಮವಸ್ತ್ರವೆಲ್ಲಿಯದು? ಹಲವರು ನಿತ್ಯದ ಉಡುಪಿನಲ್ಲೇ ಬಂದರು. ಕೆಲವರು ಜರ್ಮನರ ಉಗ್ರಾಣದಿಂದ ವಶಪಡಿಸಿಕೊಂಡ ಅಂಗಿಗಳನ್ನೇ ತೊಟ್ಟರು. ಶತ್ರುವಿನ ಅಂಗಿ ತೊಟ್ಟವನನ್ನು ಮಿತ್ರನೆಂದು ಗುರುತಿಸುವುದು ಹೇಗೆ? ಅದಕ್ಕೇ ಈ ಪಟ್ಟಿ. ಅದರ ಮೇಲೆ ಪೋಲಿಷ್ ಸೈನ್ಯ ಎಂಬುದರ ಮೊದಲಕ್ಷರಗಳು, ತುಕಡಿಯ ಸಂಖ್ಯೆ. ಕೆಲವದರಲ್ಲಿ ಹದ್ದಿನ ಮುದ್ರೆ.

ಅದೇ ನಗರ ಅದಕ್ಕೂ ಮೊದಲು ಇನ್ನೊಂದು ತೋಳುಪಟ್ಟಿಯನ್ನು ಕಂಡಿತ್ತು. 1939ರ ಡಿಸೆಂಬರ್ 1ರಿಂದ, ಹತ್ತು ವರ್ಷ ಮೀರಿದ ಪ್ರತಿಯೊಬ್ಬ ಯೆಹೂದ್ಯನೂ ದಾವೀದನ ನಕ್ಷತ್ರವುಳ್ಳ ಬಿಳಿಯ ಪಟ್ಟಿಯನ್ನು ಬಲತೋಳಿಗೆ ಧರಿಸಬೇಕೆಂದು ಜರ್ಮನ್ ಆಡಳಿತ ವಿಧಿಸಿತು. ಅಗಲ ಹತ್ತು ಸೆಂಟಿಮೀಟರಿಗೆ ಕಡಿಮೆಯಿರಕೂಡದು! ಒಂದು, ಬೇಟೆಗೆ ಗುರುತು ಹಾಕಲು ಅನ್ಯರು ಕಟ್ಟಿಸಿದ್ದು. ಇನ್ನೊಂದು, ತಾವು ಯಾರೆಂದು ಸಾರಲು ತಾವೇ ಕಟ್ಟಿಕೊಂಡದ್ದು.

ಈ ಎರಡನೆಯ ಪಟ್ಟಿಗೆ ನ್ಯಾಯದ ಬಲವೂ ಇತ್ತು. 1907ರ ಹೇಗ್ ನಿಯಮಾವಳಿಯ ಪ್ರಕಾರ ಖಾಯಂ ಸೈನ್ಯಕ್ಕೆ ಸೇರದ ಹೋರಾಟಗಾರರಿಗೂ ಯೋಧರ ಹಕ್ಕುಂಟು; ಆದರೆ ಅವರಿಗೊಬ್ಬ ನಾಯಕನಿರಬೇಕು, ದೂರದಿಂದಲೇ ಕಾಣುವ ಸ್ಥಿರವಾದ ಚಿಹ್ನೆಯಿರಬೇಕು, ಆಯುಧ ಬಹಿರಂಗವಾಗಿರಬೇಕು, ಯುದ್ಧನಿಯಮಗಳ ಪಾಲನೆಯಿರಬೇಕು. ಜರ್ಮನರು ಇದನ್ನು ಮನ್ನಿಸಲಿಲ್ಲ. ದಂಗೆಕೋರರನ್ನು ಡಕಾಯಿತರೆಂದು ಕರೆದರು, ಸೆರೆಸಿಕ್ಕವರನ್ನು ಗುಂಡಿಟ್ಟು ಕೊಂದರು. ಆಗಸ್ಟ್ ತಿಂಗಳ ಕೊನೆಯಲ್ಲಿ ಬ್ರಿಟನ್ನೂ ಅಮೆರಿಕವೂ ನಾಡಸೇನೆಯನ್ನು ಪೋಲಿಷ್ ಸೈನ್ಯದ ಅಂಗವೆಂದು ಘೋಷಿಸಿದವು. ಅರವತ್ತಮೂರು ದಿನಗಳ ಕಾದಾಟದ ತರುವಾಯ, ಅಕ್ಟೋಬರ್ 2ರ ಶರಣಾಗತಿಯ ಒಪ್ಪಂದದಲ್ಲಿ ಜರ್ಮನರೂ ಅವರನ್ನು ಯುದ್ಧಕೈದಿಗಳೆಂದು ಒಪ್ಪಬೇಕಾಯಿತು. ಸಮವಸ್ತ್ರವಿರಲಿ ಇಲ್ಲದಿರಲಿ, ಬಿಳಿ ಕೆಂಪು ಪಟ್ಟಿಯೋ ಪೋಲಿಷ್ ಹದ್ದೋ ಯೋಧನ ಗುರುತೆಂದು ಆ ಪತ್ರದಲ್ಲೇ ಬರೆದಿದೆ. ಸುಮಾರು ಹದಿನೈದು ಸಾವಿರ ಮಂದಿ ಸೆರೆಶಿಬಿರಗಳಿಗೆ ನಡೆದರು. ಅವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಹೆಂಗಸರು.

ಹಾಗಾದರೆ ಪಟ್ಟಿ ಗೆದ್ದಿತೆನ್ನೋಣವೇ? ಹಾಗೆನ್ನಲು ನನಗೆ ನಾಲಗೆ ಏಳುವುದಿಲ್ಲ. ಸಂಗ್ರಹಾಲಯವಿರುವ ಆ ವೋಲಾದಲ್ಲಿಯೇ, ದಂಗೆಯ ಮೊದಲ ವಾರದಲ್ಲಿ, ಹತ್ತಾರು ಸಾವಿರ ನಾಗರಿಕರನ್ನು ಮನೆಗಳಿಂದ ಹೊರಗೆಳೆದು ಕೊಂದರು. ದಂಗೆಯಲ್ಲಿ ಮಡಿದ ನಾಗರಿಕರು ಒಟ್ಟು ಒಂದೂವರೆಯಿಂದ ಎರಡು ಲಕ್ಷವೆಂದು ಅಂದಾಜು. ಅವರ ತೋಳಿನಲ್ಲಿ ಯಾವ ಪಟ್ಟಿಯೂ ಇರಲಿಲ್ಲ. ಆಯುಧ ಹಿಡಿದವನಿಗೆ ಕೊನೆಗಾದರೂ ದೊರೆತ ರಕ್ಷಣೆ, ಏನನ್ನೂ ಹಿಡಿಯದ ತಾಯಿಗೂ ಮಗುವಿಗೂ ದೊರೆಯಲಿಲ್ಲ. ಮಾಸಿದ ಆ ಬಟ್ಟೆಯನ್ನು ನೋಡುವವರು ಬರಿದೋಳಿನ ಆ ಜನರನ್ನೂ ನೆನೆದರೆ, ಅದರ ಸಾಕ್ಷ್ಯ ಪೂರ್ಣವಾದಂತೆ.