ಮರುಳು, ಹುಚ್ಚು, ಮೆಂಟಲ್

ಜಾಲತಾಣದ ಜಗಳದಲ್ಲಿ ಉತ್ತರ ತೋಚದಾಗ ತಟ್ಟನೆ ಬರುವ ಮಾತು: ‘ಇವನಿಗೆ ತಲೆ ಕೆಟ್ಟಿದೆ, ನಿಮ್ಹಾನ್ಸ್‌ಗೆ ಸೇರಿಸಿ.’ ಇದು ಬರೀ ಬೈಗುಳವೋ, ಮಾನಹಾನಿಯೋ?

ಹಳಗನ್ನಡದ ‘ಮರುಳ್’ ಎಂದರೆ ಬುದ್ಧಿಭ್ರಮೆಯೂ ಹೌದು, ಪಿಶಾಚಿಯೂ ಹೌದು. ಹಿಡಿದದ್ದು ದೆವ್ವವಾದರೆ ಹಿಡಿಸಿಕೊಂಡವನದೇನು ತಪ್ಪು? ಅದಕ್ಕೇ ಇರಬೇಕು, ಈ ಪದಕ್ಕೆ ಮುಳ್ಳು ಕಡಿಮೆ. ಮರುಳಸಿದ್ಧನಿಗೆ ಜನ ಕೈಮುಗಿದರು. ಬೇಂದ್ರೆಯವರು ‘ಅರಳು ಮರಳು’ ಎಂದು ಸಂಕಲನಕ್ಕೆ ಹೆಸರಿಟ್ಟರು. 1958ರಲ್ಲಿ ಅದಕ್ಕೆ ಅಕಾಡೆಮಿ ಪ್ರಶಸ್ತಿಯೂ ಬಂತು. ‘ಹುಚ್ಚು’ ಅಷ್ಟು ಮೆತ್ತಗಿನ ಪದವಲ್ಲ, ಆದರೂ ಅದಕ್ಕೆ ಮರ್ಯಾದೆಯ ಜಾಗಗಳಿವೆ. ಶಿಕಾರಿಪುರದ ಆಂಜನೇಯನೇ ಹುಚ್ಚರಾಯಸ್ವಾಮಿ. ಹಳೇ ಮೈಸೂರಿನ ಕಡೆ ಹುಚ್ಚಯ್ಯ, ಹುಚ್ಚಮ್ಮ ಎಂಬ ಹೆಸರುಗಳು ರೇಷನ್ ಕಾರ್ಡಿನಲ್ಲೇ ಸಿಗುತ್ತವೆ. ಸಂಗೀತದ ಹುಚ್ಚು ಎಂದರೆ ಮೆಚ್ಚುಗೆ. ಸುದೀಪ್ ‘ಕಿಚ್ಚ’ ಆದದ್ದು 2001ರ ‘ಹುಚ್ಚ’ ಸಿನಿಮಾದಿಂದ.

ಹೊಸ ಪದಗಳ ಕಥೆ ಬೇರೆ. ಬೆಂಗಳೂರಿನ ಲ್ಯುನಾಟಿಕ್ ಅಸೈಲಂ 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಆಯಿತು. ರೋಗಿಗೆ ಗೌರವವಿರಲಿ ಎಂದು ಬದಲಾಯಿಸಿದ ಹೆಸರು. ಬೀದಿಯವರು ಅದರಿಂದ ‘ಮೆಂಟಲ್’ ಎಂಬ ಬೈಗುಳವನ್ನೇ ಕಿತ್ತುಕೊಂಡರು. 1974ರಲ್ಲಿ ಅದೇ ಆಸ್ಪತ್ರೆ ನಿಮ್ಹಾನ್ಸ್‌ನೊಳಗೆ ಸೇರಿತು. ಈಗ ಆ ಹೆಸರಿನ ಸರದಿ. ನರರೋಗಕ್ಕೆ, ಪಾರ್ಶ್ವವಾಯುವಿಗೆ ಅಲ್ಲಿ ಸಾಲುಗಟ್ಟಿ ನಿಂತವರು ಈ ಗೇಲಿಯನ್ನು ಹೇಗೆ ಕೇಳಿಸಿಕೊಳ್ಳಬೇಕು? ನನಗಂತೂ ಹುಚ್ಚ ಎನ್ನಿಸಿಕೊಳ್ಳುವುದಕ್ಕಿಂತ ಇದೇ ಹೆಚ್ಚು ಚುಚ್ಚುತ್ತದೆ. ಹುಚ್ಚ ಎನ್ನುವುದು ಸಿಟ್ಟು. ‘ಸೈಕೋ’, ‘ಬೈಪೋಲಾರ್’ ಎನ್ನುವವನು ಡಾಕ್ಟರ ಕೋಟು ತೊಟ್ಟು ಬಂದಿರುತ್ತಾನೆ.

ಕಾನೂನೂ ಹೆಚ್ಚುಕಡಿಮೆ ಈ ಗೆರೆಯನ್ನೇ ನೋಡುತ್ತದೆ. 1860ರ ದಂಡಸಂಹಿತೆಯ 499ನೇ ಕಲಮು ಮಾನಹಾನಿಯನ್ನು ಬಿಡಿಸಿ ಹೇಳುವಾಗ ನಡತೆಯ ಜೊತೆಗೆ ಬುದ್ಧಿಯ ಘನತೆಯನ್ನೂ ಸೇರಿಸಿತ್ತು. ದೇಹ ಹೇಸಿಗೆ ಹುಟ್ಟಿಸುವ ಸ್ಥಿತಿಯಲ್ಲಿದೆ ಎಂದು ಜನ ನಂಬುವಂತೆ ಮಾಡುವುದನ್ನೂ ಹೆಸರಿಸಿತ್ತು. 2024ರ ಜುಲೈನಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯ 356ನೇ ಕಲಮಿಗೂ ಅದೇ ಬಂದಿದೆ. ಸಿಟ್ಟಿನಲ್ಲಿ ‘ಹುಚ್ಚ’ ಎಂದರೆ ಕೇಳಿದವರು ಯಾರೂ ಅದನ್ನು ರೋಗದ ಸುದ್ದಿಯೆಂದು ನಂಬುವುದಿಲ್ಲ, ಮೊಕದ್ದಮೆ ನಿಲ್ಲುವುದು ಕಷ್ಟ. ‘ಅವನು ಎರಡು ವರ್ಷದಿಂದ ಮಾತ್ರೆ ನುಂಗ್ತಿದಾನೆ, ನಂಗೊತ್ತು’ ಎಂದು ಬರೆದರೆ ಅದು ಬೈಗುಳವಲ್ಲ, ಆರೋಪ. ನಿಜವನ್ನೇ ಬರೆದೆ ಎಂದರೂ ಕ್ರಿಮಿನಲ್ ಕೋರ್ಟಿನಲ್ಲಿ ಸಾಲದು. ಅದನ್ನು ಹೊರಗೆಡವಿದ್ದರಿಂದ ಸಾರ್ವಜನಿಕರಿಗೇನು ಹಿತವಾಯಿತು ಎಂಬುದನ್ನೂ ತೋರಿಸಬೇಕು.